ಹನ್ನೊಂದು ಪೆಟ್ಟಿಗೆ ಗೊಂಬೆ

ದೊಡ್ಡವರ ಪರಿಚಯ ಮಾಡಿಕೊಂಡು ಮೇಲೆ ಬರುವವರನ್ನು ಕಂಡರೆ ಮೂಗು ಮುರಿಯುವವರು ಬಹಳ ಜನ. ಒಂದು ಕಾಲಕ್ಕೆ ನಾನೂ ಮುರಿಯುತ್ತಿದ್ದೆ. ಆಗ ನನಗೆ ಯಾವ ದೊಡ್ಡವರ ಪರಿಚಯವೂ ಇರಲಿಲ್ಲ, ಹಾಗಾಗಿ ಮೂಗು ಮುರಿಯುವುದು ತುಂಬಾ ಸುಲಭವಾಗಿತ್ತು. ಈಗ ಯಾರಾದರೂ ಹುಡುಗಿ ನನ್ನೆದುರು ಕೂತು, "ನನಗೆ ಹಾಗೆಲ್ಲ ಹೋಗಿ ಮಾತಾಡ್ಸೋಕೆ ಬರಲ್ಲ ಮೇಡಂ, ನನ್ನ ಕೆಲಸಾನೇ ಮಾತಾಡ್ಲಿ" ಎಂದರೆ ನಗು ಬರುತ್ತದೆ. ಕೆಲಸಕ್ಕೆ ಬಾಯಿಲ್ಲ ಕಣಮ್ಮ ಎನ್ನುತ್ತೇನೆ. ಅದರ ಪರವಾಗಿ ಯಾರಾದರೂ ಬಾಯಿ ತೆರೆಯಬೇಕು, ಮೊದಲು ನೀನೇ ತೆರೆ ಎನ್ನುತ್ತೇನೆ.

ನಾನು ಇದನ್ನು ಕಲಿತದ್ದು ಜಯನಗರದ ಒಂದು ಮನೆಯಲ್ಲಿ, ನವರಾತ್ರಿಯ ಗೊಂಬೆ ನೋಡುವ ನೆಪದಲ್ಲಿ.

ಆಗ ನಾನು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದೆ. ಊರು ಬಾಗಲಕೋಟೆಯ ಕಡೆ. ಗ್ರಂಥಾಲಯ ವಿಜ್ಞಾನ ಓದಿಕೊಂಡು ಬೆಂಗಳೂರಿಗೆ ಬಂದು, ಜಯನಗರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಗ್ರಂಥಪಾಲಕಿಯಾಗಿ ಸೇರಿದ್ದೆ. ನಾಲ್ಕು ವರ್ಷವಾದರೂ ತಾತ್ಕಾಲಿಕವಾಗಿಯೇ ಇದ್ದೆ. ಪ್ರತಿ ಜೂನ್‌ನಲ್ಲೂ ಹೊಸ ಆದೇಶ ಬರುತ್ತಿತ್ತು, ಅದರಲ್ಲಿ ಆ ಪದ ತಪ್ಪದೆ ಇರುತ್ತಿತ್ತು. ನನ್ನ ಸಹಿಯ ಕೆಳಗೆ "ಗ್ರಂಥಪಾಲಕಿ, ತಾತ್ಕಾಲಿಕ" ಎಂದು ಬರೆದು ಬರೆದು ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಗ್ಯಾಸ್ ಏಜೆನ್ಸಿಯ ಅರ್ಜಿಯಲ್ಲೂ ಹಾಗೇ ಬರೆದು ಕೌಂಟರಿನವನ ಕೈಲಿ ನಗಿಸಿಕೊಂಡಿದ್ದೆ.

ಆ ವರ್ಷ ಹಳೆಯ ಗ್ರಂಥಪಾಲಕರು ನಿವೃತ್ತರಾದರು. ಡಿಸೆಂಬರಿನಲ್ಲಿ ಸಂದರ್ಶನ ನಡೆಸಿ ಕಾಯಂ ಹುದ್ದೆ ತುಂಬುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಹುದ್ದೆ ಸಿಕ್ಕರೆ ನಾನು ಈ ಊರಿನಲ್ಲಿ ನಿಂತೆ, ಸಿಗದಿದ್ದರೆ ಜೂನಿನ ಆದೇಶವೂ ಇರುವುದಿಲ್ಲ, ಗಂಟುಮೂಟೆ ಕಟ್ಟಬೇಕು. ನನ್ನ ಎದುರಿಗಿದ್ದವನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂಟು ವರ್ಷ ದುಡಿದವನು. ಕಂಪ್ಯೂಟರ್ ವಿಷಯದಲ್ಲಿ ನನಗಿಂತ ಜಾಣ, ಅದನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಿಲ್ಲ. ಜೊತೆಗೆ ಮಂಡಳಿಯ ಒಬ್ಬ ಸದಸ್ಯರಿಗೆ ಹತ್ತಿರದ ನೆಂಟ. ಅವನಿಗೆ ಪರಿಚಯ ಹುಟ್ಟುತ್ತಲೇ ಬಂದಿತ್ತು, ನಾನು ಅದಕ್ಕಾಗಿ ಬಸ್ಸು ಹತ್ತಿ ಹೋಗಬೇಕಾಗಿತ್ತು.

ಬಸ್ಸು ಹತ್ತಿಸಿದವರು ನಮ್ಮ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟರು. ಬೆಂಗಳೂರಿನ ಶ್ರೀನಗರದ ಹಳೆಯ ಮನೆತನದವರು, ನಿವೃತ್ತಿಗೆ ಎರಡು ವರ್ಷವಿತ್ತು, ಕಾಲೇಜಿನ ಗೋಡೆಗಳಿಗಿಂತ ಹೆಚ್ಚು ವಿಷಯ ಕೇಳಿಸಿಕೊಂಡವರು. ಒಂದು ಮಧ್ಯಾಹ್ನ ಲೈಬ್ರರಿಗೆ ಬಂದು ದಿನಪತ್ರಿಕೆ ತಿರುವಿಹಾಕುತ್ತಾ ಹೇಳಿದರು:

"ಮೇಡಂ, ನೀವು ಮಾಡಿರೋ ಕೆಲಸ ಎಲ್ಲ ಬೀರು ಒಳಗಿದೆ. ಬೀಗ ಬೇರೆ ಹಾಕಿದೀರ. ಅಮ್ಮಾವ್ರ ಕಣ್ಣಿಗೆ ನಿಮ್ಮ ಮುಖಾನೇ ಬಿದ್ದಿಲ್ಲ."

ಅಮ್ಮಾವ್ರು ಎಂದರೆ ಮಂಡಳಿಯ ಅಧ್ಯಕ್ಷೆ. ಕಾಲೇಜು ಕಟ್ಟಿದವರ ಹೆಂಡತಿ. ಆ ಬೀರುವಿನಲ್ಲಿದ್ದದ್ದು ಅವರ ಗಂಡ ಕಾಲೇಜಿಗೆ ಕೊಟ್ಟ ಪುಸ್ತಕಗಳು. ಗಂಡ ತೀರಿಕೊಂಡ ಮೇಲೆ ಆ ಕುರ್ಚಿಯಲ್ಲಿ ಕೂತು, ಉಳಿದ ಸದಸ್ಯರೆಲ್ಲ ಮಾತಾಡಿ ಮುಗಿಸುವ ತನಕ ಸುಮ್ಮನಿದ್ದು, ಕೊನೆಗೆ ಒಂದು ಮಾತಿನಲ್ಲಿ ತೀರ್ಮಾನ ಹೇಳುತ್ತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಅವರನ್ನು ನಾನು ಸ್ವಾತಂತ್ರ್ಯ ದಿನಾಚರಣೆಯಲ್ಲಿ ದೂರದಿಂದ ನೋಡಿದ್ದು ಬಿಟ್ಟರೆ ಮಾತಾಡಿಸಿದ್ದೇ ಇಲ್ಲ.

"ಅವ್ರ ಹತ್ರ ಹೆಂಗೆ ಹೋಗೋದು ಸಾರ್? ಏನಂತ ಹೋಗ್ಲಿ?" ಎಂದೆ.

"ಮುಂದಿನ ವಾರ ನವರಾತ್ರಿ. ಅವ್ರ ಮನೇಲಿ ಗೊಂಬೆ ಇಡ್ತಾರೆ. ಹೋಗಿ ನೋಡಿ."

"ಕರೆದೇ ಇಲ್ವಲ್ಲ?"

ಅವರು ಪತ್ರಿಕೆ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. "ಗೊಂಬೆ ನೋಡೋಕೆ ಯಾರಮ್ಮಾ ಕರೀಬೇಕು? ಸಾಯಂಕಾಲ ಐದೂವರೆ ಮೇಲೆ ಬಾಗಿಲು ತೆಗೆದೇ ಇರತ್ತೆ. ಒಂಬತ್ತು ದಿನ. ವರ್ಷದಲ್ಲಿ ಮಿಕ್ಕ ದಿನ ಆ ಗೇಟ್ ಒಳಗೆ ಹೋಗೋಕೆ ನನಗೂ ಧೈರ್ಯ ಇಲ್ಲ."

ನಮ್ಮ ಕಡೆ ಗೊಂಬೆ ಇಡುವ ಪದ್ಧತಿ ಇಲ್ಲ. ಘಟ ಹಾಕುತ್ತೇವೆ, ದಸರೆಯ ದಿನ ಬನ್ನಿ ಕೊಟ್ಟು ಕಾಲಿಗೆ ಬೀಳುತ್ತೇವೆ, ಅಷ್ಟೆ. ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. "ಗೊಂಬಿ ನೋಡಾಕ ಹೋದ್ರ ನೌಕರಿ ಕೊಡ್ತಾರೇನ ಅಲ್ಲಿ? ಹೋಗವಾ, ಹೋಗು, ಛಲೋ ಸೀರಿ ಉಟಗೊಂಡು ಹೋಗು" ಎಂದಳು. ನಾನು ಛಲೋ ಸೀರೆ ಉಟ್ಟೆ. ಬ್ಯಾಗಿನಲ್ಲಿ ನನ್ನ ಬಯೋಡೇಟಾ ಇದ್ದ ನೀಲಿ ಫೈಲು ಇಟ್ಟೆ. ಬಸ್ಸಿನಲ್ಲಿ ಕೂತು, ಐತಿ ಅನ್ನಬಾರದು ಇದೆ ಅನ್ನಬೇಕು, ಹೌದ್ರಿ ಅನ್ನಬಾರದು ಹೌದು ಅನ್ನಬೇಕು ಎಂದು ಬಾಯಿಪಾಠ ಮಾಡಿಕೊಂಡೆ.

ಮೊದಲ ಸಂಜೆ ನೀರಸವಾಗಿ ಕಳೆಯಿತು. ಹಾಲ್ ತುಂಬ ಹೆಂಗಸರು. ಒಂಬತ್ತು ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಹಾಸಿ ನೂರಾರು ಗೊಂಬೆ ಜೋಡಿಸಿದ್ದರು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ಅಂದರೆ ಮರದ ರಾಜ-ರಾಣಿ. ಜರಿ ಬಟ್ಟೆ, ಮುತ್ತಿನ ಸರ, ಪುಟ್ಟ ಪೇಟ. ಮಗಳನ್ನು ಮದುವೆ ಮಾಡಿ ಕಳಿಸುವಾಗ ತಾಯಿ ಈ ಜೋಡಿಯನ್ನು ಕೊಡುತ್ತಾಳೆ ಎಂದು ಪಕ್ಕದಲ್ಲಿದ್ದ ಆಂಟಿಯೊಬ್ಬರು ವಿವರಿಸಿದರು. ಅಮ್ಮಾವ್ರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅರಿಶಿನ ಕುಂಕುಮ ಕೊಡುತ್ತಿದ್ದವರು ಅವರ ಸೊಸೆ.

"ಯಾರ ಮನೆ ಸೊಸೆಯಮ್ಮ ನೀವು?" ಎಂದು ಕೇಳಿದರು ಅಮ್ಮಾವ್ರು.

"ನಾನು ಕಾಲೇಜ್ ಲೈಬ್ರರಿಯಿಂದ ಬಂದಿದೀನಿ ಮೇಡಂ."

"ಓ, ಲೈಬ್ರರಿ. ಸಂತೋಷ" ಎಂದು ನನ್ನ ಹಿಂದೆ ನಿಂತಿದ್ದವರ ಕಡೆ ತಿರುಗಿದರು. ನನ್ನ ಕೈಗೆ ಎಲೆ ಅಡಿಕೆ, ಬ್ಲೌಸ್ ಪೀಸು, ದೊನ್ನೆಯಲ್ಲಿ ಕಡಲೆಕಾಳು ಉಸಲಿ ಬಂದವು. ಹತ್ತು ನಿಮಿಷದಲ್ಲಿ ನಾನು ಗೇಟಿನ ಹೊರಗಿದ್ದೆ. ಬಸ್‌ಸ್ಟಾಪಿನಲ್ಲಿ ನಿಂತು ಉಸಲಿ ತಿಂದೆ. ದೊನ್ನೆ ಸೋರಿ ನೀಲಿ ಫೈಲಿನ ಮೂಲೆಯಲ್ಲಿ ಅರಿಶಿನದ ಕಲೆಯಾಯಿತು.

ಮರುದಿನ ಮತ್ತೆ ಹೋದೆ. ಬಾಗಿಲಲ್ಲಿ ಸೊಸೆ ನನ್ನನ್ನು ನೋಡಿ, "ನಿನ್ನೆ ಬಂದಿದ್ರಲ್ವಾ?" ಎಂದರು. "ಸರಿಯಾಗಿ ನೋಡೋಕೆ ಆಗ್ಲಿಲ್ಲ, ಎಷ್ಟೊಂದು ಗೊಂಬೆ ಇವೆಯಲ್ಲ" ಎಂದೆ. ಇದು ಸುಳ್ಳೇನೂ ಆಗಿರಲಿಲ್ಲ. ಮೂರನೆಯ ದಿನವೂ ಹೋದೆ. ಅಷ್ಟು ಹೊತ್ತಿಗೆ ಸೊಸೆಗೆ ನಾನೆಂದರೆ ತಮಾಷೆಯಾಗಿತ್ತು, ಒಂದು ಸ್ಟೂಲ್ ಕೊಟ್ಟು ಕೂರಿಸಿದರು. ಮಾನ ಬಿಟ್ಟವಳು ಎಂದು ಯಾರಾದರೂ ಅಂದುಕೊಂಡಿದ್ದರೆ ಅಂದುಕೊಂಡಿರಲಿ. ತೆಗೆದ ಬಾಗಿಲಿನಿಂದ ಒಳಗೆ ಹೋಗುವುದಕ್ಕೆ ನಾಚಿಕೆಪಟ್ಟರೆ ಮುಚ್ಚಿದ ಬಾಗಿಲು ತಟ್ಟುವುದು ಯಾವಾಗ?

ಆ ಮೂರನೆಯ ದಿನ ಜನ ಕಡಿಮೆ ಇದ್ದರು. ನಾಲ್ಕನೆಯ ಮೆಟ್ಟಿಲಿನಲ್ಲಿ ಮದುವೆ ಮೆರವಣಿಗೆಯ ಸೆಟ್ಟು ಇತ್ತು. ಮದುಮಕ್ಕಳು, ದೀಪ ಹಿಡಿದವರು, ನಾಗಸ್ವರ ಊದುವವನು, ಅವನ ಪಕ್ಕ ಖಾಲಿ ಜಾಗ. ಅಮ್ಮಾವ್ರು ಅದನ್ನೇ ನೋಡುತ್ತಾ ಸೊಸೆಯನ್ನು ಬೈಯುತ್ತಿದ್ದರು.

"ಡೋಲು ಬಾರಿಸೋನು ಈ ವರ್ಷ ಇಲ್ಲ. ಹನ್ನೊಂದು ಪೆಟ್ಟಿಗೆ, ಯಾವುದರಲ್ಲಿ ಏನಿದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಪ್ರತಿ ಸಲ ಎಲ್ಲಾ ಕೆಳಗಿಳಿಸಿ ಬಿಚ್ಚಬೇಕು. ಹೋದ ವರ್ಷ ಹುಲಿ ಹೋಯ್ತು. ಈ ವರ್ಷ ಡೋಲು."

ನನ್ನ ಕಿವಿ ನೆಟ್ಟಗಾಯಿತು. ಹನ್ನೊಂದು ಪೆಟ್ಟಿಗೆ, ಪಟ್ಟಿ ಇಲ್ಲ, ಕಳೆದುಹೋದ ವಸ್ತು! ಬಾಯಿಪಾಠ ಮಾಡಿದ್ದ ಮಾತುಗಳೆಲ್ಲ ಆಗ ನೆನಪಿಗೇ ಬರಲಿಲ್ಲ.

"ಮೇಡಂ, ಗೊಂಬೆ ಎತ್ತಿಡೋ ದಿನ ನಾನು ಬಂದು ರಿಜಿಸ್ಟರ್ ಮಾಡಿಕೊಡ್ತೀನಿ. ಪ್ರತಿ ಗೊಂಬೆಗೂ ಒಂದು ನಂಬರ್. ಯಾವ ಪೆಟ್ಟಿಗೆ, ಯಾವ ಪದರ, ಹೇಗಿದೆ ಅಂತ ಬರೆದಿಡ್ತೀನಿ. ಮುಂದಿನ ವರ್ಷ ಅರ್ಧ ದಿನದಲ್ಲಿ ಜೋಡಿಸಬಹುದು. ಇದೇ ನನ್ನ ಕೆಲಸ."

ಅಮ್ಮಾವ್ರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಅಂದು ಮೊದಲ ಸಲ ಅವರು ನನ್ನನ್ನು ನೋಡಿದ್ದು ಎಂದೇ ನನ್ನ ಲೆಕ್ಕ.

"ನಿಮಗೆ ಶ್ರಮ" ಎಂದರು.

"ಪುಸ್ತಕದಷ್ಟು ಧೂಳು ಇರಲ್ಲ ಬಿಡಿ" ಎಂದೆ. ಅವರು ನಕ್ಕರು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರೆ, ಮರುದಿನದಿಂದ ಎಲ್ಲವನ್ನೂ ಎತ್ತಿಡುವುದು ಪದ್ಧತಿ. ನಾನು ಎರಡು ದಿನ ರಜೆ ಹಾಕಿ ಹೋದೆ. ದಪ್ಪ ರಟ್ಟಿನ ರಿಜಿಸ್ಟರು, ಹತ್ತಿ ಬಟ್ಟೆ, ಪುಟ್ಟ ಪುಟ್ಟ ಲೇಬಲ್ಲು. ಮೊದಲ ಪುಟದಲ್ಲಿ ಗೊಂಬೆಗಳ ದಾಖಲೆ ಎಂದು ದುಂಡಗೆ ಬರೆದು, ಕೆಳಗೆ ತಯಾರಿಸಿದವರು ಎಂದು ಸಹಿ ಹಾಕಿದೆ. ನಾನೂ ಸೊಸೆಯೂ ನೆಲದ ಮೇಲೆ ಕೂತು ಕೆಲಸ ಶುರುಮಾಡಿದೆವು. ಮಣ್ಣಿನವು ಒಂದು ಕಡೆ, ಕಾಗದದ ಹಿಟ್ಟಿನವು ಒಂದು ಕಡೆ, ಮರದವು ಒಂದು ಕಡೆ. ಅಂಗಡಿ ಹರಡಿಕೊಂಡು ಕೂತ ಶೆಟ್ಟರಿಗೆ ಒಂದು ನಂಬರು, ಶೆಟ್ಟರ ಹೆಂಡತಿಗೆ ಇನ್ನೊಂದು. ಅಮ್ಮಾವ್ರು ಕುರ್ಚಿಯಲ್ಲಿ ಕೂತು ಒಂದೊಂದರ ಕತೆಯನ್ನೂ ಹೇಳುತ್ತಿದ್ದರು. ಇದು ಮೈಸೂರಿನಲ್ಲಿ ಕೊಂಡದ್ದು, ಇದು ನಾದಿನಿ ಕೊಟ್ಟದ್ದು, ಇದರ ಮೂಗು ನನ್ನ ಮಗ ಮುರಿದದ್ದು. ಷರಾ ಎಂಬ ಕಾಲಮ್ಮಿನಲ್ಲಿ ನಾನು ಎಲ್ಲವನ್ನೂ ಬರೆದುಕೊಂಡೆ. ಎರಡನೆಯ ದಿನ ದೀಪದ ಕಂಬಗಳಿದ್ದ ಪೆಟ್ಟಿಗೆಯ ತಳದಲ್ಲಿ, ಹಳೆಯ ಪಂಚೆಯೊಂದರೊಳಗೆ ಸುತ್ತಿಕೊಂಡಿದ್ದ ಡೋಲಿನವನು ಸಿಕ್ಕ. ಅಮ್ಮಾವ್ರು ಅವನನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದರು. ನನಗೆ ಆಗಲೇ ಕಾಯಂ ಆದೇಶ ಕೈಗೆ ಬಂದಷ್ಟು ಖುಷಿ.

ಮಧ್ಯಾಹ್ನ ಅವರು ಮಂಡಿನೋವು ಎಂದು ಒಳಗೆ ಹೋಗಿ ಮಲಗಿದರು. ಸೊಸೆ ಅಡುಗೆಮನೆಯಲ್ಲಿದ್ದರು. ಉಳಿದದ್ದು ಪಟ್ಟದ ಗೊಂಬೆಗಳು ಮಾತ್ರ. ರಾಣಿಯ ಬಟ್ಟೆ ಬಿಚ್ಚಿ ಒರೆಸಿ ಇಟ್ಟೆ. ರಾಜನನ್ನು ಎತ್ತಿದಾಗ ಬಿಳಿ ಬಟ್ಟೆಯ ಮೇಲೆ ಚಿಟಿಕೆಯಷ್ಟು ಹಳದಿ ಪುಡಿ ಬಿತ್ತು. ತಿರುಗಿಸಿ ನೋಡಿದೆ. ಪೀಠದಲ್ಲಿ ಸೂಜಿ ಚುಚ್ಚಿದಂಥ ನಾಲ್ಕು ತೂತು. ಅದು ಹುಳು ಮುಟ್ಟದ ರಕ್ತಚಂದನದ ಗೊಂಬೆ ಎಂದು ಮನೆಯವರ ನಂಬಿಕೆ. ಹುಳುವಿಗೆ ಆ ನಂಬಿಕೆ ಇದ್ದಂತಿರಲಿಲ್ಲ.

ಲೈಬ್ರರಿಯವರಿಗೆ ಇಂಥ ಪುಡಿ ಕಂಡರೆ ಕೈ ತಾನಾಗಿ ಕೆಲಸ ಮಾಡುತ್ತದೆ. ಹುಳು ಬಿದ್ದ ಪುಸ್ತಕವನ್ನು ಮೊದಲು ಬೇರೆ ಮಾಡಬೇಕು, ಇಲ್ಲದಿದ್ದರೆ ಪಕ್ಕದ್ದೂ ಹೋಗುತ್ತದೆ. ರಾಜನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಸ್ಟೋರಿನ ಮೂಲೆಯಲ್ಲಿಟ್ಟೆ. ರಾಣಿಯನ್ನು ಒಬ್ಬಳನ್ನೇ ಅವರ ಹಳೆಯ ಪೆಟ್ಟಿಗೆಯಲ್ಲಿ ಮಲಗಿಸಿದೆ. ರಿಜಿಸ್ಟರಿನಲ್ಲಿ ರಾಜನ ಎದುರು, ಹುಳು ಬಿದ್ದಿದೆ, ಬೇರೆ ಇಡಲಾಗಿದೆ ಎಂದು ಬರೆದೆ. ಅಮ್ಮಾವ್ರು ಎದ್ದಿರಲಿಲ್ಲ. ಸೊಸೆಗೆ ರಿಜಿಸ್ಟರು ಒಪ್ಪಿಸಿ ಹಗುರ ಮನಸ್ಸಿನಿಂದ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಸೊಸೆಯ ಫೋನು. "ಅತ್ತೆ ರಿಜಿಸ್ಟರ್ ಓದಿದ್ರು. ಈಗ್ಲೇ ಬರಬೇಕಂತೆ" ಎಂದಷ್ಟೇ ಹೇಳಿದರು.

ಹೋದೆ. ಡಬ್ಬಿ ಮೇಜಿನ ಮೇಲಿತ್ತು, ಪಕ್ಕದಲ್ಲಿ ರಿಜಿಸ್ಟರು. ಅಮ್ಮಾವ್ರು ನನ್ನನ್ನು ಕೂರಲು ಹೇಳಲಿಲ್ಲ.

"ಯಾರನ್ನ ಕೇಳಿ ಇವರಿಬ್ಬರನ್ನ ಬೇರೆ ಮಾಡಿದ್ರಿ?"

ನನಗೆ ಆಗಲೂ ಅರ್ಥವಾಗಲಿಲ್ಲ. ಹುಳುವಿನ ವಿಷಯ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

"ನಮ್ಮಮ್ಮ ನನ್ನ ಮಡಿಲಿಗೆ ಹಾಕಿದ ಜೋಡಿ ಇದು. ಐವತ್ತೆರಡು ವರ್ಷ ಒಂದೇ ಪೆಟ್ಟಿಗೇಲಿ ಮಲಗಿದೆ. ನಮ್ಮ ಯಜಮಾನ್ರು ತೀರಿಕೊಂಡ ವರ್ಷ ಗೊಂಬೆ ಇಡಲಿಲ್ಲ. ಆವಾಗ್ಲೂ ಪೆಟ್ಟಿಗೆ ಮುಚ್ಚಳ ತೆಗೆದು ಇಬ್ಬರೂ ಜೊತೇಲಿದಾರಾ ಅಂತ ನೋಡಿ ಮುಚ್ಚಿದೆ. ನೀವು ಒಂದು ಮಧ್ಯಾಹ್ನದಲ್ಲಿ ಅವನನ್ನ ಬಿಸ್ಕತ್ ಡಬ್ಬಿಗೆ ಹಾಕಿದ್ರಲ್ಲ!"

ಅವರು ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. ನಮ್ಮ ಮನೆಗಳಲ್ಲಿ ಗೊಂಬೆ ಇಡುವುದಿಲ್ಲ, ನನಗೆ ತಿಳಿದಿರಲಿಲ್ಲ ಎನ್ನಬಹುದಿತ್ತು. ಕ್ಷಮಿಸಿ ಮೇಡಂ, ಈಗಲೇ ಜೊತೆಗೆ ಇಡುತ್ತೇನೆ ಎಂದಿದ್ದರೆ ಸಾಕಾಗಿತ್ತು, ಎಲ್ಲ ಸರಿಹೋಗುತ್ತಿತ್ತು. ಅಷ್ಟು ದಿನ ಬಸ್ಸು ಹತ್ತಿ ಇಳಿದದ್ದೆಲ್ಲ ಆ ಒಂದು ಮಾತಿನಲ್ಲಿ ಉಳಿಯುತ್ತಿತ್ತು. ಬಾಯಿಗೆ ಬಂದದ್ದು ಬೇರೆಯೇ ಮಾತು, ಅದೂ ನಮ್ಮೂರಿನ ಭಾಷೆಯಲ್ಲಿ.

"ಕೇಳದ ಮಾಡಿದ್ದು ತಪ್ಪಾತ್ರಿ. ಅದಕ್ಕ ಕಾಲ ಹಿಡೀತೀನಿ. ಆದ್ರ ಮಾಡಿದ್ದು ತಪ್ಪಲ್ರಿ. ಹುಳಾ ಜೀವಂತ ಐತ್ರಿ ಒಳಗ. ಜೋಡಿ ಇಟ್ರ ಮುಂದಿನ ದಸರಾಕ್ಕ ಇಬ್ಬರೂ ಉಳಿಯಂಗಿಲ್ರಿ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತವರು ಹಾಗೇ ನಿಂತರು.

"ಬೇರೆ ಮಾಡೋದು ಬ್ಯಾಡ ಅಂದ್ರ ಇನ್ನೊಂದು ದಾರಿ ಐತ್ರಿ" ಎಂದು ಮುಂದುವರಿಸಿದೆ. "ಇಬ್ಬರನ್ನೂ ಒಂದ ಕವರಿನ್ಯಾಗ ಗಾಳಿ ಹೋಗಧಂಗ ಸುತ್ತಿ ಹದಿನೈದು ದಿನ ಫ್ರೀಜರಿನ್ಯಾಗ ಇಡಬೇಕ್ರಿ. ಹುಳಾ ಸಾಯ್ತಾವ. ನಿಮ್ಮ ಸಾಹೇಬ್ರು ಕಾಲೇಜಿಗೆ ಕೊಟ್ಟ ಪುಸ್ತಕಕ್ಕೂ ಹುಳಾ ಬಿದ್ದಿತ್ರಿ. ಕ್ಯಾಂಟೀನಿನ ಐಸ್‌ಕ್ರೀಮ್ ಫ್ರೀಜರಿನ್ಯಾಗ ಇಟ್ಟು ನಾನ ಉಳಿಸೇನ್ರಿ. ಬೇಕಂದ್ರ ಬಂದು ನೋಡ್ರಿ."

"ಪೂಜೆ ಮಾಡೋ ಗೊಂಬೇನ ಫ್ರಿಜ್‌ನಲ್ಲಿ ಇಡಬೇಕಾ?" ಎಂದರು ಅಮ್ಮಾವ್ರು. ರಿಜಿಸ್ಟರು ಮುಚ್ಚಿ, "ನೀವಿನ್ನು ಹೊರಡಿ" ಎಂದರು.

ಕಾಲೇಜಿಗೆ ಬಂದು ಸೂಪರಿಂಟೆಂಡೆಂಟರಿಗೆ ಎಲ್ಲ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತರು.

"ಮೇಡಂ, ನಾನು ಮುಖ ತೋರಿಸಿ ಬನ್ನಿ ಅಂದೆ. ರಾಜನ್ನ ಡಬ್ಬಿಗೆ ತುಂಬಿ ಬನ್ನಿ ಅಂದ್ನಾ?"

"ಇಲ್ಲ ಸಾರ್."

"ಸುಮ್ನೆ ಕ್ಷಮೆ ಕೇಳಿ ಬರೋದಲ್ವಾ?"

"ಕೇಳಿದೆ ಸಾರ್. ಕೇಳಿದ ಮೇಲೆ ಹುಳದ ವಿಷಯಾನೂ ಹೇಳಿದೆ."

ಅವರು ಉಸ್ಸೆಂದು ಉಸಿರು ಬಿಟ್ಟು ಹೋದರು. ಅಂದು ಸಂಜೆ ಮನೆಗೆ ಬಂದು ನಾನು ಚೆನ್ನಾಗಿ ಅತ್ತೆ. ಕೆಲಸ ಹೋಯಿತೆಂಬ ದುಃಖ ಒಂದು ಕಡೆ, ಆ ವಯಸ್ಸಾದ ಹೆಂಗಸಿನ ಮನಸ್ಸು ನೋಯಿಸಿದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. ಕೇಳದೆ ಮುಟ್ಟಿದ್ದು ನನ್ನ ತಪ್ಪೇ. ಪುಸ್ತಕಕ್ಕೆ ಜೋಡಿ ಇರುವುದಿಲ್ಲ, ಹಾಗಾಗಿ ನಮ್ಮ ಓದಿನಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಹುಳು ಇಲ್ಲ ಎಂದು ಹೇಳಲು ಅಂದು ನನ್ನಿಂದ ಆಗುತ್ತಿರಲಿಲ್ಲ, ಇಂದೂ ಆಗುವುದಿಲ್ಲ.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲೈಬ್ರರಿಯ ಬಾಗಿಲಲ್ಲಿ ಊರುಗೋಲಿನ ಸದ್ದು ಕೇಳಿಸಿತು. ಅಮ್ಮಾವ್ರು ಒಬ್ಬರೇ ಬಂದಿದ್ದರು. ಓದುತ್ತಿದ್ದ ಮಕ್ಕಳೆಲ್ಲ ದಡಬಡ ಎದ್ದು ನಿಂತರು. ನನ್ನ ಕಡೆ ನೋಡದೆ, "ಅವ್ರ ಪುಸ್ತಕ ಎಲ್ಲಿವೆ?" ಎಂದರು. ನಾನು ಬೀಗದ ಕೈ ತೆಗೆದುಕೊಂಡು ಮುಂದೆ ಹೋಗಿ ಬೀರು ತೆರೆದೆ. ಅವರು ಮಧ್ಯದ ಸಾಲಿನಿಂದ ಒಂದು ದಪ್ಪ ಪುಸ್ತಕ ಎಳೆದರು. ಸೊಂಟದಿಂದ ಬಿಳಿ ಕರ್ಚೀಫು ತೆಗೆದು ಮೇಜಿನ ಮೇಲೆ ಹಾಸಿದರು. ಪುಸ್ತಕವನ್ನು ಅದರ ಮೇಲೆ ಎರಡು ಸಲ ಜೋರಾಗಿ ಕುಟ್ಟಿದರು. ಕರ್ಚೀಫನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಅದು ಬೆಳ್ಳಗೇ ಇತ್ತು. ಇನ್ನೊಂದು ಪುಸ್ತಕ, ಮತ್ತೆ ಇನ್ನೊಂದು. ಮೂರನೆಯದರ ಮೊದಲ ಪುಟದಲ್ಲಿ ಗಂಡನ ಸಹಿ ಇತ್ತು. ಅದರ ಮೇಲೆ ಬೆರಳಾಡಿಸಿ, ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟರು. ಊರುಗೋಲು ಊರಿಕೊಂಡು ಹೊರಟುಹೋದರು.

ಸೂಪರಿಂಟೆಂಡೆಂಟರು ಹಿಂದೆಯೇ ಓಡಿ ಬಂದರು. "ಏನಂದ್ರು? ಏನಂದ್ರು?"

"ಏನೂ ಅನ್ನಲಿಲ್ಲ ಸಾರ್."

"ಬೀರು ತೆಗೆಸಿದ್ರಾ?"

"ತೆಗೆಸಿದ್ರು."

ಅವರು ಗಡ್ಡ ಕೆರೆದುಕೊಂಡು, "ನೋಡೋಣ" ಎಂದರು.

ಆಮೇಲೆ ಸುಮಾರು ಎಂಟು ವಾರ ಆ ಮನೆಯಿಂದ ಯಾವ ಸುದ್ದಿಯೂ ಇಲ್ಲ. ನಾನಾಗಿ ಹೋಗಲಿಲ್ಲ. ಆ ಗೇಟು ಮುಚ್ಚಿತ್ತು, ತಟ್ಟಲು ನನಗೆ ಮುಖವಿರಲಿಲ್ಲ. ಸಂದರ್ಶನಕ್ಕೆ ಮಾತ್ರ ಚೆನ್ನಾಗಿ ತಯಾರಾದೆ. ಅಳುಮುಖ ಹೊತ್ತುಕೊಂಡು ಹೋಗುವವಳಲ್ಲ ನಾನು. ನೀಲಿ ಫೈಲಿನ ಅರಿಶಿನದ ಕಲೆ ಎಷ್ಟು ಒರೆಸಿದರೂ ಹೋಗಲಿಲ್ಲ, ಹಾಗೇ ತೆಗೆದುಕೊಂಡು ಹೋದೆ.

ಒಳಗೆ ಐದು ಜನ. ಮಧ್ಯದಲ್ಲಿ ಅಮ್ಮಾವ್ರು. ನನ್ನ ಎದುರಾಳಿ ಆಗಷ್ಟೇ ನಗುನಗುತ್ತಾ ಹೊರಗೆ ಬಂದಿದ್ದ. ನಾಲ್ವರು ಒಬ್ಬರಾದ ಮೇಲೊಬ್ಬರು ಕೇಳಿದರು. ಡಿಜಿಟಲ್ ಲೈಬ್ರರಿ ಬಗ್ಗೆ, ಸಾಫ್ಟ್‌ವೇರ್ ಬಗ್ಗೆ. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದೆ, ಗೊತ್ತಿಲ್ಲದ ಎರಡಕ್ಕೆ ಗೊತ್ತಿಲ್ಲ, ಕಲಿಯುತ್ತೇನೆ ಎಂದೆ. ನೆಂಟನಿಗಾಗಿ ಕೂತಿದ್ದ ಸದಸ್ಯರು ಗೊತ್ತಿಲ್ಲ ಎಂಬುದನ್ನು ಕಾಗದದಲ್ಲಿ ಬರೆದುಕೊಂಡರು. ಕೊನೆಗೆ ಎಲ್ಲರೂ ಅಮ್ಮಾವ್ರ ಕಡೆ ನೋಡಿದರು.

ಅವರು ನನ್ನ ಫೈಲಿನ ಮೂಲೆಯ ಕಲೆಯನ್ನೇ ನೋಡುತ್ತಿದ್ದರು. ತಲೆ ಎತ್ತಿ ಕೇಳಿದರು.

"ಹುಳ ಬಿದ್ದ ಪುಸ್ತಕ ಎಷ್ಟು ದಿನ ಫ್ರೀಜರ್‌ನಲ್ಲಿರಬೇಕು?"

"ಹದಿನೈದು ದಿನ ಮೇಡಂ."

"ತೆಗೆದ ಮೇಲೆ?"

"ತಕ್ಷಣ ಕವರ್ ಬಿಚ್ಚಬಾರದು. ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಬಿಳಿ ಬಟ್ಟೆ ಮೇಲಿಟ್ಟು ಒಂದು ತಿಂಗಳು ನೋಡ್ತಿರಬೇಕು. ಹೊಸ ಪುಡಿ ಬೀಳದೇ ಇದ್ರೆ ಗುಣ ಆಯ್ತು ಅಂತ."

ಉಳಿದ ಸದಸ್ಯರಿಗೆ ಇದು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮಾವ್ರು ಕನ್ನಡಕ ತೆಗೆದು ಮಡಿಸಿದರು.

"ತಿಂಗಳ ಮೇಲೆ ಆಯ್ತು. ಪುಡಿ ಬಿದ್ದಿಲ್ಲ" ಎಂದರು.

ನಾನು ಕೈ ಮುಗಿದು ಎದ್ದೆ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಆ ಮಡಿಯ ಮನೆಯ ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕ, ಒಂದೇ ಕವರಿನಲ್ಲಿ ಹದಿನೈದು ದಿನ ಮಲಗಿದ್ದ ರಾಜ-ರಾಣಿಯನ್ನು ನೆನೆಸಿಕೊಂಡು ಒಬ್ಬಳೇ ನಕ್ಕೆ. ಕಣ್ಣಲ್ಲಿ ನೀರೂ ಬಂತು.

ಆದೇಶ ಬಂದಾಗ ಇದು ಗೊಂಬೆ ನೋಡಿ ಗಿಟ್ಟಿಸಿದ ಕೆಲಸ ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ನನ್ನ ಕಿವಿಗೂ ಬಿತ್ತು. ನಾನು ಅಲ್ಲಗಳೆಯಲಿಲ್ಲ. ಗೊಂಬೆ ನೋಡಲು ಹೋಗದಿದ್ದರೆ ಆ ಬೀರು ಯಾರೂ ತೆಗೆಸುತ್ತಿರಲಿಲ್ಲ. ತೆಗೆಸಿದಾಗ ಒಳಗಿನ ಪುಸ್ತಕದಲ್ಲಿ ಪುಡಿ ಇದ್ದಿದ್ದರೆ ಒಂಬತ್ತು ದಿನವಲ್ಲ, ತೊಂಬತ್ತು ದಿನ ಗೊಂಬೆ ನೋಡಿದರೂ ಪ್ರಯೋಜನವಿರಲಿಲ್ಲ. ಆ ಇನ್ನೊಬ್ಬನ ನೆನಪಾದಾಗ ಒಮ್ಮೊಮ್ಮೆ ಮನಸ್ಸಿಗೆ ಚುರುಕ್ ಎನ್ನುತ್ತದೆ. ಅವನೂ ಕೆಲಸಗಾರನೇ. ಆದರೆ ನನ್ನ ಜಾಗ ಬಿಟ್ಟುಕೊಡುವಷ್ಟೇನೂ ಚುರುಕ್ ಎನ್ನುವುದಿಲ್ಲ.

ಮುಂದಿನ ನವರಾತ್ರಿಗೆ ಎರಡು ದಿನ ಮೊದಲು ಸೊಸೆಯಿಂದ ಕರೆ ಬಂತು. ಪೆಟ್ಟಿಗೆ ಕೆಳಗಿಳಿಸಿದ್ದೇವೆ, ಬನ್ನಿ ಎಂದರು. ಹೋದಾಗ ಅಮ್ಮಾವ್ರು ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ರಿಜಿಸ್ಟರು ಇಟ್ಟುಕೊಂಡಿದ್ದರು. "ಬನ್ನಿ, ಬನ್ನಿ. ನಂಬರ್ ಒಂದು ಎಲ್ಲಿದೆ ಹೇಳಿ ನೋಡೋಣ" ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ನಾನು ಮೊದಲ ಪುಟ ತೆರೆದೆ. ಹಿಂದಿನ ವರ್ಷ ಸಹಿ ಹಾಕುವಾಗ ನನ್ನ ಕೈ ರೂಢಿಯಂತೆ "ಗ್ರಂಥಪಾಲಕಿ, ತಾತ್ಕಾಲಿಕ" ಎಂದು ಬರೆದುಬಿಟ್ಟಿತ್ತು. ಗೊಂಬೆಯ ಪಟ್ಟಿಗೆ ಅದೇಕೆ ಬೇಕಿತ್ತೋ, ನನಗೇ ಗೊತ್ತಾಗಿರಲಿಲ್ಲ. ಈಗ ಎರಡನೆಯ ಪದದ ಮೇಲೆ ನೀಲಿ ಶಾಯಿಯ ಒಂದು ಗೀಟು ಇತ್ತು. ಆಫೀಸಿನಲ್ಲಿ ತಿದ್ದುಪಡಿ ಮಾಡಿದವರು ಹಾಕುವ ಹಾಗೆ, ಗೀಟಿನ ಪಕ್ಕದಲ್ಲಿ ಅಮ್ಮಾವ್ರ ಚಿಕ್ಕ ಸಹಿ ಇತ್ತು, ಸಹಿಯ ಕೆಳಗೆ ತಾರೀಕು. ನಾನು ತಾರೀಕನ್ನು ಎರಡು ಸಲ ಓದಿದೆ. ಅವರು ಲೈಬ್ರರಿಗೆ ಬಂದು ಕರ್ಚೀಫಿನ ಮೇಲೆ ಪುಸ್ತಕ ಕುಟ್ಟಿ ನೋಡಿ ಹೋದ ದಿನವದು.